ಸಾನ್ ಜಿಮಿನ್ಯಾನೊ: ಎರಡೇ ಗಂಟೆ ನೋಡಿ ಬರಬೇಡಿ, ಒಂದು ರಾತ್ರಿಯಾದರೂ ಉಳಿಯಿರಿ

ಇಟಲಿಗೆ ಹೋಗುವ ನಮ್ಮವರಲ್ಲಿ ಬಹಳ ಜನ ಫ್ಲಾರೆನ್ಸಿನಿಂದ ಒಂದು ದಿನದ ಬಸ್ ಟೂರ್ ತಗೋತಾರೆ. ಬೆಳಿಗ್ಗೆ ಸಿಯೆನಾ, ಸಂಜೆ ಪಿಸಾ, ನಡುವೆ ಎರಡು ಗಂಟೆ ಸಾನ್ ಜಿಮಿನ್ಯಾನೊ. ಮೂರು ವರ್ಷದ ಹಿಂದೆ ನಾನೂ ಹಾಗೇ ಹೋಗಿದ್ದೆ. ಆಗ ಕಂಡಿದ್ದು ಜನರ ಬೆನ್ನು, ಚರ್ಮದ ಬ್ಯಾಗಿನ ಅಂಗಡಿಗಳು, ತಲೆ ಎತ್ತಿದರೆ ನಾಲ್ಕೈದು ಗೋಪುರ, ಅಷ್ಟೇ. ಚೆನ್ನಾಗಿದೆ, ಆದರೆ ಇಷ್ಟೊಂದು ಹೆಸರು ಯಾಕೆ ಅಂತ ಅನ್ನಿಸಿತ್ತು. ಈ ಅಕ್ಟೋಬರಿನಲ್ಲಿ ಊರಿಂದ ಅಮ್ಮ ಬಂದಿದ್ದಳು. ಮ್ಯೂನಿಕ್ಕಿನ ನಮ್ಮ ಮನೆಯಲ್ಲಿ ಕೂತು ಕೂತು ಬೇಜಾರಾಗಿತ್ತು ಅವಳಿಗೆ. ದೊಡ್ಡ ಸಿಟಿ ಬೇಡ, ಒಂದು ಸಣ್ಣ ಊರು ತೋರಿಸು ಅಂದಳು. ಎರಡು ರಾತ್ರಿ ಈ ಊರಿನ ಕೋಟೆಗೋಡೆಯ ಒಳಗೇ ಉಳಿದೆವು. ಮೊದಲ ಸಲ ನಾನು ಈ ಊರನ್ನು ನೋಡಿಯೇ ಇರಲಿಲ್ಲ ಅಂತ ಈಗ ಗೊತ್ತಾಯಿತು.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಯಾಕೆ ಕಳೆದೆ ಅಂತ ಮುಂದೆ ಹೇಳ್ತೀನಿ.

ಮೊದಲು ತಲುಪೋದು ಹೇಗೆ ಅಂತ. ಊರಿಗೆ ರೈಲು ಇಲ್ಲ. ಫ್ಲಾರೆನ್ಸಿನಿಂದ ಪೊಜ್ಜಿಬೊನ್ಸಿವರೆಗೆ ರೈಲಿನಲ್ಲೋ ಬಸ್ಸಿನಲ್ಲೋ ಹೆಚ್ಚುಕಮ್ಮಿ ಒಂದು ಗಂಟೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದರೆ ದ್ರಾಕ್ಷಿ ತೋಟಗಳ ನಡುವೆ ಏರುತ್ತಾ ಇಪ್ಪತ್ತೈದು ನಿಮಿಷ. ಗುಡ್ಡ ತೀರಾ ಎತ್ತರ ಏನಲ್ಲ, ಸಮುದ್ರಮಟ್ಟದಿಂದ ಮುನ್ನೂರು ಚಿಲ್ಲರೆ ಮೀಟರ್. ಆದರೆ ಸುತ್ತ ಇರೋದೆಲ್ಲ ತಗ್ಗು ಹೊಲ, ಹಾಗಾಗಿ ತುಂಬಾ ದೂರದಿಂದಲೇ ಗೋಪುರಗಳು ಕಾಣುತ್ತವೆ. ಬಸ್ಸು ತಿರುವು ತಗೊಂಡಾಗ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಅಮ್ಮ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಬಸ್ಸು ಸಾನ್ ಜೊವಾನ್ನಿ ಬಾಗಿಲಿನ ಹೊರಗೆ ಇಳಿಸುತ್ತದೆ, ಅಲ್ಲಿಂದ ಒಳಗೆ ನಡಿಗೆಯೇ. ಭಾನುವಾರ ಬಸ್ಸು ಕಮ್ಮಿ, ಆ ದಿನ ನೋಡಿಕೊಂಡು ಹೋಗಿ. ಕಾರು ತಂದರೆ ಕೋಟೆಯ ಹೊರಗಿನ ಪಾರ್ಕಿಂಗ್‌ನಲ್ಲೇ ಬಿಡಿ. ಊರೊಳಗೆ ಹೊರಗಿನವರ ಗಾಡಿಗೆ ಅನುಮತಿ ಇಲ್ಲ, ಕ್ಯಾಮೆರಾ ಇದೆ, ದಂಡದ ಚೀಟಿ ಮನೆಗೇ ಬರುತ್ತದೆ.

ಬಾಗಿಲು ದಾಟಿದರೆ ಏರು ಬೀದಿ, ಕಲ್ಲು ಹಾಸು. ದೊಡ್ಡ ಸೂಟ್‌ಕೇಸ್ ತರಬೇಡಿ, ಬೆನ್ನಿಗೆ ಹಾಕುವ ಬ್ಯಾಗೇ ಸರಿ. ನಾವು ಬುಕ್ ಮಾಡಿದ್ದ ಕೋಣೆ ಮೂರನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಅದನ್ನು ಅವರು ಎಲ್ಲೂ ಬರೆದಿರಲಿಲ್ಲ. ಮೂರು ಗಂಟೆಗೆ ಕೀಲಿ ಕೊಡ್ತೀನಿ ಅಂದವರು ಬಂದಿದ್ದು ನಾಲ್ಕೂಕಾಲಿಗೆ. ಮಂಡಿ ನೋವಿರುವ ಅಮ್ಮ ಅಷ್ಟು ಹೊತ್ತು ಬೀದಿಯ ಕಲ್ಲು ಮೆಟ್ಟಿಲ ಮೇಲೆ ಕೂತಿದ್ದಳು. ಕಳೆದ ಅರ್ಧ ಅಂಕ ಇದಕ್ಕೇ. ವಯಸ್ಸಾದವರ ಜೊತೆ ಹೋಗುವವರು ಬುಕ್ ಮಾಡುವ ಮೊದಲೇ ಮೆಸೇಜ್ ಹಾಕಿ, ಎಷ್ಟನೇ ಮಹಡಿ, ಮೆಟ್ಟಿಲು ಎಷ್ಟು ಅಂತ ಕೇಳಿ. ಪ್ರವಾಸಿ ತೆರಿಗೆ ಅಂತ ತಲೆಗೆ ಒಂದಿಷ್ಟು ಬೇರೆ ಕೊಡಬೇಕು, ನಾವು ನಗದು ಕೊಟ್ಟೆವು. ಕೋಣೆ ಮಾತ್ರ ಚೊಕ್ಕವಾಗಿತ್ತು. ಕಿಟಕಿ ತೆಗೆದರೆ ಎದುರಿಗೆ ಒಂದು ಗೋಪುರದ ಗೋಡೆ, ಕೈ ಚಾಚಿದರೆ ಸಿಗುತ್ತೇನೋ ಅನ್ನುವಷ್ಟು ಹತ್ತಿರ.

ಆ ಗೋಡೆಯಲ್ಲಿ ಚೌಕಾಕಾರದ ತೂತುಗಳಿದ್ದವು, ಸಾಲಾಗಿ, ಮೇಲಿನವರೆಗೆ. ಪಾರಿವಾಳಗಳು ಅಲ್ಲಿ ಮನೆ ಮಾಡಿಕೊಂಡಿವೆ. ಗೋಪುರ ಕಟ್ಟುವಾಗ ಅಟ್ಟಣಿಗೆಯ ಮರದ ತೊಲೆ ಸಿಕ್ಕಿಸಿದ್ದು, ಆಮೇಲೆ ಹೊರಚಾಚಿದ ಮರದ ಓಡಾಟದ ಅಟ್ಟಗಳನ್ನು ನಿಲ್ಲಿಸಿದ್ದು ಇಂಥ ತೂತುಗಳಲ್ಲೇ. ಆ ಕಾಲಕ್ಕೆ ಈ ಗೋಪುರಗಳು ಬರೀ ಕಲ್ಲಿನ ಕಂಬದ ಹಾಗೆ ಕಾಣುತ್ತಿರಲಿಲ್ಲ, ಮೈತುಂಬಾ ಮರದ ಕೆಲಸ ಇರುತ್ತಿತ್ತು. ಅದೆಲ್ಲ ಉದುರಿ ಹೋಗಿ ಕಲ್ಲು ಮಾತ್ರ ಉಳಿದಿದೆ.

ಗೋಪುರ ಅಂದರೆ ದೇವಸ್ಥಾನದ್ದೂ ಅಲ್ಲ, ರಾಜನದ್ದೂ ಅಲ್ಲ. ಊರಿನ ಶ್ರೀಮಂತ ಮನೆತನದವರು ತಮ್ಮ ಮನೆಗೆ ತಾವೇ ಕಟ್ಟಿಕೊಂಡಿದ್ದು. ಉತ್ತರದಿಂದ ರೋಮಿಗೆ ಹೋಗುವ ಯಾತ್ರಿಕರ ಹಾದಿ, ಫ್ರಾಂಚಿಜೆನಾ ಅನ್ನುತ್ತಾರೆ, ಈ ಗುಡ್ಡದ ಮೇಲೇ ಹಾಯುತ್ತಿತ್ತು. 990ರ ಸುಮಾರಿಗೆ ರೋಮಿನಿಂದ ವಾಪಸ್ ಹೋಗುತ್ತಿದ್ದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕ್ ತಾನು ತಂಗಿದ ಊರುಗಳ ಪಟ್ಟಿಯಲ್ಲಿ ಇದನ್ನೂ ಬರೆಸಿದ್ದಾನೆ. ಯಾತ್ರಿಕರು ಬಂದರೆ ಛತ್ರ ಬರುತ್ತದೆ, ವ್ಯಾಪಾರ ಬರುತ್ತದೆ. ಸುತ್ತಲ ಹೊಲದಲ್ಲಿ ಕೇಸರಿ ಬೆಳೆಯುತ್ತಿದ್ದರು, ದೂರ ದೂರದ ಊರಿಗೆ ಮಾರುತ್ತಿದ್ದರು. ದುಡ್ಡು ಕೂಡಿತು. 1199ರಲ್ಲಿ ವೊಲ್ತೆರಾ ಊರಿನ ಬಿಷಪ್ಪನ ಹಿಡಿತದಿಂದ ಬಿಡಿಸಿಕೊಂಡು ಊರು ತನ್ನ ಆಡಳಿತ ತಾನೇ ನೋಡಿಕೊಳ್ಳತೊಡಗಿತು. ಆಮೇಲೆ ಶುರುವಾಗಿದ್ದು ಮನೆತನಗಳ ಜಿದ್ದು. ಪೋಪ್ ಕಡೆಯ ಅರ್ದಿಂಗೆಲ್ಲಿ ಮನೆಯವರು, ಆಗ ಪೋಪ್ ಜೊತೆ ಜಗಳವಿದ್ದ ಜರ್ಮನ್ ಚಕ್ರವರ್ತಿ ಕಡೆಯ ಸಾಲ್ವುಚ್ಚಿ ಮನೆಯವರು, ಎದುರು ಬದುರು ಗೋಪುರ ಎಬ್ಬಿಸಿದರು. ಒಟ್ಟು ಎಪ್ಪತ್ತೆರಡು ಇದ್ದವಂತೆ. ಇಷ್ಟು ಸಣ್ಣ ಊರಿಗೆ ಎಪ್ಪತ್ತೆರಡು! ಕೊನೆಗೆ 1255ರಲ್ಲಿ ಊರಿನ ಆಡಳಿತದವರು ತಮ್ಮ ರೋನ್ಯೋಜಾ ಗೋಪುರಕ್ಕಿಂತ ಎತ್ತರ ಯಾರೂ ಕಟ್ಟಬಾರದು ಅಂತ ಕಟ್ಟಳೆ ಮಾಡಿದರು. ಸಾಲ್ವುಚ್ಚಿಯವರು ಒಂದರ ಪಕ್ಕ ಒಂದು ಜೋಡಿ ಗೋಪುರ ಕಟ್ಟಿ, ಎರಡನ್ನೂ ಸೇರಿಸಿದರೆ ನಮ್ಮದೇ ಎತ್ತರ ಅಂತ ತೋರಿಸಿದರು ಅನ್ನೋ ಕಥೆ ಊರಲ್ಲಿ ಇನ್ನೂ ಹೇಳುತ್ತಾರೆ. ಆ ಜೋಡಿ ಇವತ್ತಿಗೂ ಇದೆ, ತುದಿ ಕಡಿಸಿಕೊಂಡು.

ಈಗ ಉಳಿದಿರೋದು ಹದಿನಾಲ್ಕು. ಗೋಪುರ ಕಟ್ಟೋ ಹುಚ್ಚು ಆಗ ಫ್ಲಾರೆನ್ಸಿನಲ್ಲೂ ಇತ್ತು, ಬೊಲೋನ್ಯಾದಲ್ಲೂ ಇತ್ತು, ಅಲ್ಲೆಲ್ಲ ಹೆಚ್ಚಿನವು ಹೋಗಿಬಿಟ್ಟವು. ಇಲ್ಲಿ ಯಾಕೆ ಉಳಿದವು ಅಂತ ಕೇಳಿದರೆ ಉತ್ತರ ಕೇಳಿ ಬೇಜಾರಾಗುತ್ತದೆ. 1348ರಲ್ಲಿ ಪ್ಲೇಗ್ ಬಂತು, ಊರಿನ ಅರ್ಧದಷ್ಟು ಜನ ಸತ್ತರು. ಐದೇ ವರ್ಷಕ್ಕೆ, 1353ರಲ್ಲಿ, ಊರು ಫ್ಲಾರೆನ್ಸಿನ ಕೈಗೆ ಹೋಯಿತು. ಯಾತ್ರಿಕರ ದಾರಿ ಕೆಳಗಿನ ಕಣಿವೆಗೆ ಇಳಿಯಿತು. ಹಳೆಯದನ್ನು ಕೆಡವಿ ಹೊಸ ಅರಮನೆ ಕಟ್ಟಿಸುವ ತಾಕತ್ತು ಇಲ್ಲಿ ಯಾರಿಗೂ ಉಳಿಯಲಿಲ್ಲ. ಇದನ್ನು ಅಮ್ಮನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ನೆ ಇದ್ದು, "ನಮ್ಮ ಬೀದಿ ಥರಾನೇ ಅಲ್ವಾ ಮಗಾ. ದುಡ್ಡಿದ್ದೋರು ತೊಟ್ಟಿಮನೆ ಕೆಡವಿ ತಾರಸಿ ಹಾಕಿಸಿದ್ರು. ಕೈಲಾಗದೋರ ಮನೆ ಹಂಗೇ ಉಳೀತು. ಈಗ ಅದನ್ನೇ ಎಲ್ಲರೂ ಫೋಟೋ ತಗೊಳೋದು" ಅಂದಳು. ಊರಿನ ಬಗ್ಗೆ ನಾನು ಓದಿಕೊಂಡು ಹೋಗಿದ್ದೆಲ್ಲ ಆ ಒಂದು ಮಾತಿನಲ್ಲಿ ಇತ್ತು.

ಊರಿನ ನಡುವೆ ಇರುವ ಚೌಕದ ಹೆಸರು ಚಿಸ್ತೆರ್ನಾ. ಹೆಸರಿಗೆ ಚೌಕ, ಆಕಾರ ತ್ರಿಕೋನ. ನೆಲಕ್ಕೆ ಇಟ್ಟಿಗೆ ಹಾಸಿದ್ದಾರೆ, ನಮ್ಮಲ್ಲಿ ಚಾಪೆ ಹೆಣೆಯುವ ಹಾಗೆ ಅಡ್ಡಡ್ಡ ಜೋಡಿಸಿ. ನಡುವೆ ಎಂಟು ಮೂಲೆಯ ಬಾವಿ ಕಟ್ಟೆ. 1273ರಲ್ಲಿ ತೋಡಿಸಿದ್ದು, 1346ರಲ್ಲಿ ದೊಡ್ಡದು ಮಾಡಿಸಿದರು. ಎಲ್ಲರೂ ಇದರ ಮೆಟ್ಟಿಲ ಮೇಲೆ ಕೂತು ಐಸ್‌ಕ್ರೀಂ ತಿಂದು, ಫೋಟೋ ತೆಗೆಸಿಕೊಂಡು ಎದ್ದು ಹೋಗುತ್ತಾರೆ. ಹಿಂದಿನ ಸಲ ನಾನೂ ಅಷ್ಟೇ ಮಾಡಿದ್ದೆ. ಅಮ್ಮ ಕೂರಲಿಲ್ಲ. ನೇರ ಹೋಗಿ ಕಟ್ಟೆಯ ಅಂಚಿಗೆ ಕೈ ಇಟ್ಟಳು. ಕಲ್ಲಿನ ಅಂಚಿನಲ್ಲಿ ಉದ್ದಕ್ಕೂ ಗೀರುಗಳಿವೆ, ಒಂದೊಂದು ಗೀರಿನಲ್ಲಿ ಹೆಬ್ಬೆರಳು ಪೂರ್ತಿ ಕೂರುತ್ತದೆ. ಹಗ್ಗ ಎಳೆದೂ ಎಳೆದೂ ಸವೆದದ್ದು. ಅಮ್ಮ ಒಂದೊಂದಕ್ಕೂ ಬೆರಳು ಹಾಕಿ ನೋಡಿದಳು. "ರಾಟೆ ಇದ್ದಿದ್ರೆ ಹಗ್ಗ ಕಲ್ಲಿಗೆ ತಾಗ್ತಿರ್ಲಿಲ್ಲ. ಕೈಯಲ್ಲೇ ಸೇದಿದ್ದಾರೆ ನೋಡು. ಕಟ್ಟೆಗೆ ಹೊಟ್ಟೆ ಆನಿಸ್ಕೊಂಡು ಹಿಂಗೆ ಎಳೆದರೆ ಮಾತ್ರ ಹಿಂಗೆ ಸವೆಯೋದು" ಅಂತ ನಿಂತು ತೋರಿಸಿದಳು. ಮದುವೆಯಾಗಿ ಬಂದ ಮೇಲೆ ಹದಿನಾರು ವರ್ಷ ಬಾವಿ ನೀರು ಸೇದಿದವಳು ಅವಳು. ಪಕ್ಕದಲ್ಲಿ ನಿಂತಿದ್ದ ಒಬ್ಬ ಇಟಾಲಿಯನ್ ಅಜ್ಜಿ ಅಮ್ಮನ ಕೈ ಆಡಿಸೋದನ್ನು ನೋಡಿ ತಾನೂ ಹಾಗೇ ಕೈ ಆಡಿಸಿ ಏನೋ ಹೇಳಿದರು. ಇಬ್ಬರಿಗೂ ಭಾಷೆ ಬರೋದಿಲ್ಲ, ಆದರೂ ಐದು ನಿಮಿಷ ಮಾತಾಡಿದರು.

ಹೋದವರು ದಯವಿಟ್ಟು ಆ ಗೀರುಗಳನ್ನು ನೋಡಿ. ಗೋಪುರ ಕಟ್ಟಿಸಿದವರ ಹೆಸರು ಪುಸ್ತಕದಲ್ಲಿ ಇದೆ, ನೀರು ಸೇದಿದವರ ಗುರುತು ಇರೋದು ಇಲ್ಲೇ.

ಪಕ್ಕದ ದುವೊಮೊ, ಅಂದರೆ ದೊಡ್ಡ ಚರ್ಚಿನ, ಚೌಕದಲ್ಲಿ ಊರಿನ ಹಳೇ ಪುರಭವನ. ಮ್ಯೂಸಿಯಂ ಮತ್ತು ದೊಡ್ಡ ಗೋಪುರ, ಅಂದರೆ ತೊರ್ರೆ ಗ್ರೊಸ್ಸಾ, ಎರಡಕ್ಕೂ ಸೇರಿ ಟಿಕೆಟ್, ತಲೆಗೆ ಹತ್ತು ಯೂರೋ ಆಸುಪಾಸು. ನನ್ನ ಮಟ್ಟಿಗೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಗೋಪುರ 54 ಮೀಟರ್, 1311ರಲ್ಲಿ ಮುಗಿಸಿದ್ದು. ರೋನ್ಯೋಜಾಗಿಂತ ಎತ್ತರ ಕಟ್ಟಬಾರದು ಅಂತ ಊರವರಿಗೆ ಹೇಳಿದ ಆಡಳಿತದವರು ತಾವು ಮಾತ್ರ ಅದಕ್ಕಿಂತ ಎತ್ತರ ಕಟ್ಟಿಕೊಂಡರು. ಒಳಗೆ ಈಗಿನ ಕಾಲದ ಕಬ್ಬಿಣದ ಮೆಟ್ಟಿಲು, ಇನ್ನೂರಕ್ಕೂ ಜಾಸ್ತಿ. ಶ್ರವಣಬೆಳಗೊಳದ ದೊಡ್ಡ ಬೆಟ್ಟ ಹತ್ತಿದವರಿಗೆ ಇದು ಕಷ್ಟ ಅಲ್ಲ, ಆದರೆ ಕೊನೆಯ ತುಂಡು ಏಣಿಯ ಹಾಗೆ ಕಡಿದಾಗಿದೆ, ತಲೆ ಬಗ್ಗಿಸಿ ಸಣ್ಣ ಕಿಂಡಿಯಲ್ಲಿ ತೂರಬೇಕು. ಅಮ್ಮನನ್ನು ಬಾವಿ ಕಟ್ಟೆ ಮೇಲೆ ಕೂರಿಸಿ ನಾನೊಬ್ಬಳೇ ಹತ್ತಿದೆ. ಮೇಲಿನಿಂದ ಎರಡೂ ಚೌಕ ಕಾಣುತ್ತವೆ. ಬಾವಿಯ ಹತ್ತಿರ ಹಸಿರು ಸೀರೆಯ ಚುಕ್ಕೆ ಕಾಣಿಸಿತು. ಫೋನ್ ಮಾಡಿ ಮೇಲೆ ನೋಡು ಅಂದೆ, ಚುಕ್ಕೆ ಕೈ ಬೀಸಿತು.

ಅಲ್ಲಿಂದ ನೋಡಿದಾಗಲೇ ಊರಿನ ಆಕಾರ ಅರ್ಥವಾಗೋದು. ಉದ್ದಕ್ಕೆ ಒಂದೇ ಬೀದಿ, ದಕ್ಷಿಣದ ಬಾಗಿಲಿಂದ ಉತ್ತರದ ಬಾಗಿಲವರೆಗೆ, ಅದೇ ಯಾತ್ರಿಕರ ಹಾದಿ. ಅದಕ್ಕೆ ಅಂಟಿಕೊಂಡು ಹೆಂಚಿನ ಮನೆಗಳು. ಕೋಟೆಗೋಡೆ ಮುಗಿದ ಕೂಡಲೇ ಆಲಿವ್ ಮರ, ದ್ರಾಕ್ಷಿ ಸಾಲು. ನಡುವೆ ಲೇಔಟ್ ಇಲ್ಲ, ಹೋರ್ಡಿಂಗ್ ಇಲ್ಲ. 1990ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿದ್ದು ಬರೀ ಗೋಪುರಕ್ಕಲ್ಲ ಅಂತ ಅಲ್ಲಿ ನಿಂತಾಗ ತಿಳಿಯುತ್ತದೆ.

ಮ್ಯೂಸಿಯಂನಲ್ಲಿ ದಾಂತೆ ಹೆಸರಿನ ದೊಡ್ಡ ಸಭಾಂಗಣ ಇದೆ. 1300ರಲ್ಲಿ ಕವಿ ದಾಂತೆ ಫ್ಲಾರೆನ್ಸಿನ ಪರವಾಗಿ ರಾಯಭಾರಿಯಾಗಿ ಈ ಊರಿಗೆ ಬಂದಿದ್ದ. ಗೋಡೆಯ ಮೇಲೆ ಲಿಪ್ಪೊ ಮೆಮ್ಮಿ ಬರೆದ ಮೇರಿಯ ದೊಡ್ಡ ಚಿತ್ರ, 1317ರದ್ದು. ಎಲ್ಲರೂ ಅದನ್ನು ನೋಡಿ ಹೊರಡುತ್ತಾರೆ. ನೀವು ಪೊದೆಸ್ತಾ ಕೋಣೆಯನ್ನು ಬಿಡಬೇಡಿ. ಪೊದೆಸ್ತಾ ಅಂದರೆ ಊರಿನ ಆಡಳಿತ ನೋಡಿಕೊಳ್ಳಲು ಬೇರೆ ಊರಿಂದ ಕರೆಸುತ್ತಿದ್ದ ಅಧಿಕಾರಿ, ನಮ್ಮ ಜಿಲ್ಲಾಧಿಕಾರಿ ಥರ ಅಂದುಕೊಳ್ಳಿ. ಅವನ ಸಣ್ಣ ಕೋಣೆಯ ಗೋಡೆಗೆ ಲಿಪ್ಪೊನ ಅಪ್ಪ ಮೆಮ್ಮೊ ದಿ ಫಿಲಿಪ್ಪುಚ್ಚೊ ಚಿತ್ರ ಬರೆದಿದ್ದಾನೆ. ಗಂಡ ಹೆಂಡತಿ ಒಂದೇ ಮರದ ತೊಟ್ಟಿಯಲ್ಲಿ ಸ್ನಾನಕ್ಕೆ ಕೂತಿದ್ದಾರೆ. ಪಕ್ಕದಲ್ಲಿ ಹೆಂಡತಿ ಮಂಚದಲ್ಲಿ ಆಗಲೇ ಮಲಗಿದ್ದಾಳೆ, ಗಂಡ ಹೊದಿಕೆ ಎತ್ತಿಕೊಂಡು ಹತ್ತುತ್ತಿದ್ದಾನೆ. ಏಳುನೂರು ವರ್ಷದ ಹಿಂದಿನ ಇಟಲಿ ಚಿತ್ರ ಅಂದರೆ ಸಂತರು, ಶಿಲುಬೆ ಅಂತ ನೋಡಿ ಅಭ್ಯಾಸ ಆಗಿದ್ದ ನನಗೆ ಇದು ಹೊಸದು. ಹಾಸಿಗೆಯ ಬಟ್ಟೆಯ ಪಟ್ಟಿ ಕೂಡ ಇನ್ನೂ ಕಾಣುತ್ತದೆ.

ದೊಡ್ಡ ಚರ್ಚಿನ ಒಳಗೆ ಗೋಡೆ ತುಂಬಾ ಬೈಬಲ್ ಕಥೆಗಳ ಚಿತ್ರ. ಭುಜ ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಿ. ಅಲ್ಲಿ ಫೀನಾ ಎಂಬ ಹುಡುಗಿಯ ಹೆಸರಿನ ಒಂದು ಗುಡಿ ಇದೆ. ಈ ಊರಿನದೇ ಹುಡುಗಿ, ಕಾಯಿಲೆ ಬಿದ್ದು ಐದು ವರ್ಷ ಮರದ ಹಲಗೆಯ ಮೇಲೆ ಮಲಗಿದ್ದು 1253ರಲ್ಲಿ, ಹದಿನೈದನೇ ವಯಸ್ಸಿಗೆ, ತೀರಿಕೊಂಡಳು. ಆ ಹಲಗೆಯಲ್ಲಿ ಹೂವು ಅರಳಿತು ಅಂತ ನಂಬಿಕೆ, ಮಾರ್ಚಿನಲ್ಲಿ ಗೋಪುರಗಳ ಸಂದಿಯಲ್ಲಿ ಅರಳುವ ಹೂವನ್ನು ಇವತ್ತಿಗೂ ಅವಳ ಹೆಸರಲ್ಲೇ ಕರೆಯುತ್ತಾರೆ. ಗಿರ್ಲಂಡಾಯೊ ಬರೆದ ಅವಳ ಅಂತ್ಯಕ್ರಿಯೆಯ ಚಿತ್ರದ ಹಿಂಬದಿಯಲ್ಲಿ ಇದೇ ಊರಿನ ಗೋಪುರಗಳನ್ನು ಹುಡುಕಿ.

ನನಗೆ ಇದಕ್ಕಿಂತ ಇಷ್ಟವಾಗಿದ್ದು ಊರಿನ ಉತ್ತರ ತುದಿಯ ಸಾಂತ್ ಅಗೊಸ್ತೀನೊ ಚರ್ಚು. ಟೂರಿನವರು ಅಷ್ಟು ದೂರ ನಡೆಯೋದಿಲ್ಲ, ಹಾಗಾಗಿ ಯಾವಾಗಲೂ ತಣ್ಣಗೆ ಇರುತ್ತದೆ. ಚಿಲ್ಲರೆ ಇಟ್ಟುಕೊಂಡಿರಿ, ನಾಣ್ಯ ಹಾಕಿದರೆ ಚಿತ್ರಗಳ ಮೇಲೆ ದೀಪ ಹತ್ತುತ್ತದೆ. ಬೆನೋತ್ಸೊ ಗೊತ್ಸೊಲಿ ಸಂತ ಅಗಸ್ಟೀನನ ಬದುಕನ್ನು ಹದಿನೇಳು ಚಿತ್ರದಲ್ಲಿ ಬರೆದಿದ್ದಾನೆ. ಮೊದಲನೆಯದರಲ್ಲಿ ಅಪ್ಪ ಅಮ್ಮ ಹುಡುಗನನ್ನು ಶಾಲೆಗೆ ಬಿಡುತ್ತಿದ್ದಾರೆ, ಪಕ್ಕದಲ್ಲೇ ಮೇಷ್ಟ್ರು ಇನ್ನೊಂದು ಹುಡುಗನ ಚಡ್ಡಿ ಇಳಿಸಿ ಬಾರಿಸುತ್ತಿದ್ದಾರೆ. ಅಮ್ಮ ಅದನ್ನು ಮೊದಲು ಕಂಡಿದ್ದು, ಜೋರಾಗಿ ನಕ್ಕಳು. ಅದೇ ಚರ್ಚಿನ ಇನ್ನೊಂದು ಗೋಡೆಯಲ್ಲಿ ಸಂತ ಸೆಬಾಸ್ಟಿಯನ್, ತನ್ನ ಮೇಲಂಗಿಯ ಕೆಳಗೆ ಊರ ಜನರನ್ನೆಲ್ಲ ಸೇರಿಸಿಕೊಂಡು ನಿಂತಿದ್ದಾನೆ, ಮೇಲಿಂದ ಬಾಣಗಳು ಬರುತ್ತಿವೆ. 1464ರಲ್ಲಿ ಮತ್ತೆ ಪ್ಲೇಗ್ ಬಂದಾಗ ಬರೆಸಿದ್ದು. ಬೆಂಗಳೂರಿನಲ್ಲಿ ಪ್ಲೇಗಿನ ಮಾರಮ್ಮನಿಗೆ ಗುಡಿ ಕಟ್ಟಿದರಲ್ಲ, ಅದೇ ಭಯ, ಅದೇ ಮೊರೆ. ನಾಣ್ಯದ ದೀಪ ಆರಿತು, ಅಮ್ಮ ಇನ್ನೊಂದು ನಾಣ್ಯ ಹಾಕು ಅಂದಳು.

ಊಟದ ವಿಷಯ. ಮೊದಲ ದಿನ ಬಾಗಿಲಿನ ಹತ್ತಿರವೇ ಫೋಟೋ ಇರುವ ಮೆನು ನೋಡಿ ಒಂದು ಕಡೆ ಕೂತೆವು. ತಣ್ಣಗಾದದ್ದನ್ನು ಬಿಸಿ ಮಾಡಿ ತಂದ ಪಾಸ್ತಾ, ಮೇಜಿಗೆ ಕೂತಿದ್ದಕ್ಕೆ ತಲೆಗೆ ಮೂರು ಯೂರೋ ಬೇರೆ. ಹೆಸರು ಹಾಕೋದಿಲ್ಲ, ಮುಖ್ಯ ಬೀದಿ ಬಿಟ್ಟು ಒಂದು ಓಣಿ ಒಳಗೆ ಹೋಗಿ ಅಂತ ಮಾತ್ರ ಹೇಳ್ತೀನಿ. ನಾವು ಸಸ್ಯಾಹಾರಿಗಳು. ಇಲ್ಲಿನ ಅಂಗಡಿಗಳ ಮುಂದೆ ಕಾಡುಹಂದಿಯ ತಲೆ ನೇತು ಹಾಕಿರೋದು ನೋಡಿ ಅಮ್ಮ ಹೆದರಿದ್ದಳು, ಆದರೆ ಉಪವಾಸ ಏನೂ ಬೀಳಲಿಲ್ಲ. ಪೀಚಿ ಅಂತ ಕೈಯಲ್ಲೇ ಹೊಸೆದ ದಪ್ಪ ಶಾವಿಗೆ, ಅದಕ್ಕೆ ಟೊಮ್ಯಾಟೊ ಮತ್ತು ಬೆಳ್ಳುಳ್ಳಿಯ ಸಾಸ್, ಇದು ಅವಳಿಗೆ ಹಿಡಿಸಿತು. ರಿಬೊಲ್ಲೀಟಾ ಇನ್ನೂ ಚೆನ್ನಾಗಿತ್ತು. ಕಪ್ಪು ಎಲೆಕೋಸಿನ ಸೊಪ್ಪು, ಹುರುಳಿಕಾಯಿ ಜಾತಿಯ ಬಿಳಿ ಕಾಳು, ಹಳೇ ಬ್ರೆಡ್ ಹಾಕಿ ಕುದಿಸಿದ ಗಟ್ಟಿ ಸಾರು. ಹೆಸರಿನ ಅರ್ಥವೇ ಮತ್ತೆ ಕುದಿಸಿದ್ದು ಅಂತ. ನಿನ್ನೆಯ ಹುಳಿಯನ್ನು ಇವತ್ತು ಕುದಿಸಿದರೆ ರುಚಿ ಜಾಸ್ತಿ ಅನ್ನೋದು ನಮಗೆ ಹೊಸದಲ್ಲ ಅಲ್ವಾ. ಮಾಂಸದ ಸಾರು ಹಾಕಿದ್ದಾರಾ ಅಂತ ಮಾತ್ರ ಕೇಳಿ, "ಸೆನ್ಸಾ ಕಾರ್ನೆ" ಅಂದರೆ ಮಾಂಸ ಬೇಡ ಅಂತ. ಈ ಊರು ಇರುವ ತೊಸ್ಕಾನಾ ಪ್ರಾಂತದಲ್ಲಿ ಬ್ರೆಡ್ಡಿಗೆ ಸಾಮಾನ್ಯವಾಗಿ ಉಪ್ಪು ಹಾಕೋದಿಲ್ಲ. ಅಮ್ಮ ತನ್ನ ಡಬ್ಬಿಯಿಂದ ಚಟ್ನಿಪುಡಿ ತೆಗೆದು, ಆಲಿವ್ ಎಣ್ಣೆ ಸುರಿದು ಹಚ್ಚಿಕೊಟ್ಟಳು. ಎರಡೂ ಒಂದಕ್ಕೊಂದು ಒಗ್ಗಿದವು.

ಚಿಸ್ತೆರ್ನಾ ಚೌಕದ ದೊಂದೊಲಿ ಐಸ್‌ಕ್ರೀಂ ಅಂಗಡಿಗೆ ಹಗಲು ದೊಡ್ಡ ಸಾಲು. ಸಂಜೆ ಟೂರ್ ಬಸ್ಸುಗಳು ಹೋದ ಮೇಲೆ ಹೋಗಿ. ಕೇಸರಿ ಮತ್ತು ಪೈನ್ ಬೀಜ ಹಾಕಿದ 'ಕ್ರೇಮಾ ದಿ ಸಾಂತಾ ಫೀನಾ' ತಗೊಳ್ಳಿ. ನಮ್ಮ ನಾಲಿಗೆಗೆ ಅದು ಪರಿಚಯದ ರುಚಿ, ಕೇಸರಿ ಪೇಡಾ ಕರಗಿಸಿದ ಹಾಗೆ. ವೈನ್ ಕುಡಿಯುವವರಿಗೆ ಇಲ್ಲಿನ ಬಿಳಿ ವೆರ್ನಾಚ್ಚಾ ಇದೆ, ಇಂಥ ಊರಿನದೇ ವೈನ್ ಅಂತ ಇಟಲಿ ಸರ್ಕಾರ 1966ರಲ್ಲಿ ಗುರುತು ಕೊಟ್ಟ ಮೊದಲ ವೈನ್ ಇದೇ. ನಾನು ಒಂದು ಲೋಟ ಕುಡಿದೆ, ಕೊನೆಯಲ್ಲಿ ಸ್ವಲ್ಪ ಬಾದಾಮಿ ಕಹಿ ಬರುತ್ತದೆ, ಹಿತವಾಗಿತ್ತು.

ಆರು ಗಂಟೆ ಆದ ಮೇಲೆ ಊರು ಬೇರೆಯೇ. ಅಂಗಡಿಯವರು ಬಾಗಿಲ ಮುಂದೆ ಗುಡಿಸುತ್ತಾರೆ. ಹುಡುಗರು ದುವೊಮೊ ಮೆಟ್ಟಿಲ ಮುಂದೆ ಚೆಂಡು ಒದೆಯುತ್ತಾರೆ, ಚೆಂಡು ಸಾಲ್ವುಚ್ಚಿ ಗೋಪುರಕ್ಕೆ ಬಡಿದು ವಾಪಸ್ ಬರುತ್ತದೆ. ಹಗಲು ಕೇಳಿಸದ ಗಂಟೆಯ ಸದ್ದು ರಾತ್ರಿ ಕೋಣೆಯವರೆಗೆ ಬರುತ್ತದೆ. ಬೆಳಿಗ್ಗೆ ಬೇಗ ಎದ್ದು ಮೇಲಿನ ಹಾಳು ಕೋಟೆಗೆ, ರೊಕ್ಕಾ ಅಂತಾರೆ, ನಡೆದು ಹೋಗಿ. 1353ರಲ್ಲಿ ಊರನ್ನು ಹಿಡಿತದಲ್ಲಿಡಲು ಫ್ಲಾರೆನ್ಸಿನವರು ಕಟ್ಟಿದ್ದು, ಈಗ ಆಲಿವ್ ಮರಗಳ ತೋಟ. ಟಿಕೆಟ್ ಇಲ್ಲ, ಗೋಪುರಗಳು ಒಟ್ಟಿಗೆ ಕಾಣೋದು ಅಲ್ಲಿಂದಲೇ. ಗೋಪುರವನ್ನು ಒಳಗಿಂದ ನೋಡಬೇಕು ಅನ್ನುವವರು ಕಂಪಾತೆಲ್ಲಿ ಮನೆಗೆ ಹೋಗಿ. ಹಳೇ ಕಟ್ಟಡ, ಜಾಗಗಳನ್ನು ಕಾಪಾಡುವ ಎಫ್‌ಎಐ ಸಂಸ್ಥೆಯವರು ನೋಡಿಕೊಳ್ಳುತ್ತಾರೆ. ಮನೆಯ ಪಕ್ಕದ ಗೋಪುರ ಒಳಗೆ ಪೂರ್ತಿ ಖಾಲಿ, ಕೆಳಗೆ ನಿಂತು ಮೇಲೆ ನೋಡಿದರೆ ಬಾವಿಯನ್ನು ತಲೆಕೆಳಗು ಮಾಡಿದ ಹಾಗಿದೆ.

ಕೊನೆಯ ಬೆಳಿಗ್ಗೆ ಕೋಟೆಯ ಹೊರಗಿನ ಹಳೇ ನೀರಿನ ತೊಟ್ಟಿಗಳಿಗೆ ಇಳಿದೆವು. ಫೋಂತಿ ಅನ್ನುತ್ತಾರೆ, ಕಲ್ಲಿನ ಕಮಾನುಗಳ ಕೆಳಗೆ ಹಸಿರು ನೀರು ನಿಂತಿದೆ. ಊರ ಹೆಂಗಸರು ಬಟ್ಟೆ ಒಗೆಯಲು ಬರುತ್ತಿದ್ದ ಜಾಗ. ನಾವಿದ್ದಾಗ ಬೇರೆ ಯಾರೂ ಇರಲಿಲ್ಲ. ಇಳಿಜಾರು ಕಡಿದು, ಮಂಡಿ ನೋವಿದ್ದವರು ಕೋಲು ಹಿಡಿದುಕೊಳ್ಳಿ. ಅಮ್ಮ ನೀರಿಗೆ ಕೈ ಅದ್ದಿ, ತಿರುಗಿ ನಾವು ಇಳಿದು ಬಂದ ದಾರಿ ನೋಡಿದಳು. "ಒಣಗಿದ ಬಟ್ಟೆ ತರೋದು ಸುಲಭ. ಹಸಿ ಬಟ್ಟೆ ಹೊತ್ಕೊಂಡು ಈ ಏರು ಹತ್ತಬೇಕಿತ್ತಲ್ಲ ಮಗಾ" ಅಂದಳು. ನಾವು ಮೇಲೆ ಬರುವಷ್ಟರಲ್ಲಿ ಮೂರು ಕಡೆ ಕೂತೆವು.

ಸಾಧ್ಯವಾದರೆ ಗುರುವಾರ ಬೆಳಿಗ್ಗೆಗೆ ಸರಿಯಾಗಿ ಹೋಗಿ, ಅವತ್ತು ಚೌಕದಲ್ಲಿ ಸಂತೆ. ನಮಗೆ ಅಂಜೂರ, ದ್ರಾಕ್ಷಿ, ಕುರಿ ಹಾಲಿನ ಗಟ್ಟಿ ಚೀಸ್ ಸಿಕ್ಕಿತು. ಕೇಸರಿ ತಗೊಳ್ಳುವವರು ಪುಡಿ ಬೇಡ, ಎಳೆ ಇರುವ ಪೊಟ್ಟಣವನ್ನೇ ಕೇಳಿ. ಅಮ್ಮ ಬೊಟ್ಟಿನಷ್ಟು ಸಣ್ಣ ಪೊಟ್ಟಣ ತಗೊಂಡು, ಕುಂಕುಮದ ಭರಣಿ ಇಡುವ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ.